ಕಿಂಡಲ್‌ಗೆ ಮೂರು ಸಾವಿರ: ಕೊಳ್ಳಬೇಕಾದ್ದು ಯಾವುದು, ಪುಕ್ಕಟೆ ಸಿಗುವುದು ಯಾವುದು

ಪ್ರಶ್ನೆ: ನಾಗರಬಾವಿಯಲ್ಲಿ ಮನೆ, ವೈಟ್‌ಫೀಲ್ಡ್‌ನಲ್ಲಿ ಕೆಲಸ. ಅತ್ತಿಗುಪ್ಪೆಯಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ಒಂದು ಗಂಟೆಗೂ ಮೇಲೆ ಓದಬಹುದು. ಬಹಳ ಸಲ ನಿಂತುಕೊಂಡೇ. 2021ರ ಕಿಂಡಲ್ ಪೇಪರ್‌ವೈಟ್ ಇದೆ. ಇಂಗ್ಲಿಷ್ ಪುಸ್ತಕಕ್ಕೆ ತೊಂದರೆ ಇಲ್ಲ. ಕನ್ನಡ ಪಿಡಿಎಫ್ ಹಾಕಿದರೆ ಅಕ್ಷರ ಇರುವೆ ಸಾಲಿನಂತೆ ಕಾಣುತ್ತದೆ. ಇಪಬ್ (ಅಕ್ಷರದ ಗಾತ್ರ ಬದಲಿಸಬಹುದಾದ ಇ-ಪುಸ್ತಕದ ಕಡತ) ಮಾಡಲು ಹೋದರೆ ಏನೇನೋ ಚಿಹ್ನೆಗಳು ಬರುತ್ತವೆ. ಫ್ಲಿಪ್ ಕವರ್, ಸ್ಕ್ರೀನ್ ಗಾರ್ಡ್, ಪುಟ ತಿರುಗಿಸುವ ರಿಮೋಟ್, ಸ್ಟ್ಯಾಂಡ್ ಇವುಗಳಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುವುದು ಯಾವುದು? ಮೂರು ಸಾವಿರದವರೆಗೆ ಖರ್ಚು ಮಾಡಬಲ್ಲೆ. 74 ವರ್ಷದ ಅಪ್ಪನಿಗೂ ಇದರಲ್ಲಿ ಕನ್ನಡ ಓದಿಸುವ ಆಸೆ ಇದೆ.

ಉತ್ತರ: ನಿಮ್ಮ ಪಟ್ಟಿಯಲ್ಲಿ ಇಲ್ಲದ ವಸ್ತುವಿನಿಂದಲೇ ಶುರು ಮಾಡೋಣ: ಒಂದು ಒಳ್ಳೆಯ ಡೇಟಾ ಕೇಬಲ್. ನಿಮ್ಮ ಮುಖ್ಯ ತೊಂದರೆ ಕನ್ನಡದ್ದು. ಅದು ಬಗೆಹರಿಯುವುದು ಕಂಪ್ಯೂಟರಿನಲ್ಲಿ, ಪುಕ್ಕಟೆ ತಂತ್ರಾಂಶಗಳಿಂದ. ಕಂಪ್ಯೂಟರಿಗೂ ಕಿಂಡಲ್‌ಗೂ ನಡುವೆ ಸೇತುವೆ ಈ ತಂತಿ. ಇಯರ್‌ಫೋನ್, ಟ್ರಿಮ್ಮರ್, ಸಣ್ಣ ಲೈಟುಗಳ ಜೊತೆ ಬರುವ ಎಷ್ಟೋ ಕೇಬಲ್‌ಗಳಲ್ಲಿ ಕರೆಂಟಿನ ಎರಡು ಎಳೆ ಮಾತ್ರ ಇರುತ್ತವೆ, ಡೇಟಾದ ಎರಡು ಎಳೆ ಇರುವುದೇ ಇಲ್ಲ. ಅಂಥ ಕೇಬಲ್ ಸಿಕ್ಕಿಸಿದರೆ ಕಿಂಡಲ್ ಚಾರ್ಜ್ ಆಗುತ್ತದೆ, ಕಂಪ್ಯೂಟರಿನಲ್ಲಿ ಮಾತ್ರ ಕಾಣಿಸುವುದಿಲ್ಲ. ‘ಕಿಂಡಲ್ ಕೆಟ್ಟಿದೆ’ ಎಂದು ಜನ ತೀರ್ಮಾನಿಸುವುದು ಹೆಚ್ಚಾಗಿ ಈ ಹಂತದಲ್ಲೇ. ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೊಳ್ಳುವುದಾದರೆ ‘ಟೈಪ್ ಸಿ ಡೇಟಾ ಕೇಬಲ್, ಒಂದು ಮೀಟರ್’ ಎಂದು ಕೇಳಿ. ಲ್ಯಾಪ್‌ಟಾಪ್ ಜೊತೆಯಲ್ಲಿದ್ದರೆ ಅಂಗಡಿಯಲ್ಲೇ ಫೋನನ್ನು ಸಿಕ್ಕಿಸಿ ಫೋಟೊಗಳು ತೆರೆಯುತ್ತವೆಯೇ ನೋಡಿ, ಆಮೇಲೆ ದುಡ್ಡು ಕೊಡಿ. ಒಂದು ತುದಿ ದೊಡ್ಡ ಯುಎಸ್‌ಬಿ, ಇನ್ನೊಂದು ತುದಿ ಟೈಪ್ ಸಿ ಇರುವುದು ಕ್ಷೇಮ. ಹಳೆಯ ಕಂಪ್ಯೂಟರಿಗೂ ಹೊಂದುತ್ತದೆ. ವೇಗದ ಚಾರ್ಜಿಂಗಿನ ದುಬಾರಿ ಕೇಬಲ್ ಬೇಡ. ನಿಮ್ಮ ಮಾದರಿ ಪೆನ್‌ಡ್ರೈವ್‌ನಂತೆ ತೆರೆದುಕೊಳ್ಳುತ್ತದೆ. 2024ರ ಹೊಸ ಮಾದರಿಗಳು ಹಾಗಲ್ಲ. ಆಂಡ್ರಾಯ್ಡ್ ಫೋನಿನಂತೆ ಎಂಟಿಪಿ ವಿಧಾನ ಬಳಸುತ್ತವೆ, ಮ್ಯಾಕ್‌ನಲ್ಲಿ ಅವಕ್ಕೆ ಬೇರೊಂದು ತಂತ್ರಾಂಶ ಬೇಕು.

ಎರಡನೆಯದು ಕ್ಯಾಲಿಬರ್. 2006ರಲ್ಲಿ ಕೋವಿದ್ ಗೋಯಲ್ ಶುರು ಮಾಡಿದ, ಇಂದಿಗೂ ಉಚಿತವಾಗಿ ಸಿಗುವ, ಇ-ಪುಸ್ತಕಗಳನ್ನು ಜೋಡಿಸಿಡುವ ಮತ್ತು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವ ಮುಕ್ತ ತಂತ್ರಾಂಶ ಇದು. ಮೊದಲ ಸಲ ತೆರೆದಾಗ ಪುಸ್ತಕಗಳನ್ನು ಇಡಲು ಒಂದು ಫೋಲ್ಡರ್ ಕೇಳುತ್ತದೆ. ಈಗಾಗಲೇ ಪುಸ್ತಕ ತುಂಬಿರುವ ಫೋಲ್ಡರ್ ತೋರಿಸಬೇಡಿ, ಖಾಲಿಯದನ್ನು ಕೊಡಿ. ಕ್ಯಾಲಿಬರ್ ತನ್ನದೇ ಪ್ರತಿ ಮಾಡಿಕೊಂಡು ತನಗೆ ಬೇಕಾದಂತೆ ಜೋಡಿಸಿಕೊಳ್ಳುತ್ತದೆ. ಆ ಫೋಲ್ಡರ್ ಗೂಗಲ್ ಡ್ರೈವ್, ಒನ್‌ಡ್ರೈವ್‌ಗಳ ಒಳಗೂ ಇರಬಾರದು. ಕ್ಯಾಲಿಬರ್ ಬರೆಯುತ್ತಿರುವಾಗಲೇ ಅವು ಸಿಂಕ್ ಮಾಡಲು ಹೋದರೆ ಡೇಟಾಬೇಸ್ ಹಾಳಾಗುತ್ತದೆ, ನೂರಾರು ಪುಸ್ತಕಗಳ ವಿವರ ಒಟ್ಟಿಗೆ ಹೋಗುತ್ತದೆ.

ಪುಸ್ತಕ ಸೇರಿಸಿದ ಮೇಲೆ ‘ಎಡಿಟ್ ಮೆಟಾಡೇಟಾ’ ತೆರೆದು ಭಾಷೆಯ ಜಾಗದಲ್ಲಿ ಕನ್ನಡ ಎಂದು ಹಾಕಿ. ಇದನ್ನು ಬಿಡುವವರೇ ಹೆಚ್ಚು. ಆಮೇಲೆ ಇಪಬ್ ಕಡತವನ್ನು ಕಿಂಡಲ್ ನೇರವಾಗಿ ಓದಬಲ್ಲ ಎಜೆಡ್‌ಡಬ್ಲ್ಯು3 ರೂಪಕ್ಕೆ ಬದಲಿಸಿ ‘ಸೆಂಡ್ ಟು ಡಿವೈಸ್’ ಒತ್ತಿದರೆ ಕೇಬಲ್ ಮೂಲಕ ಹೋಗುತ್ತದೆ. ತಂತಿ ಕೀಳುವ ಮುಂಚೆ ‘ಎಜೆಕ್ಟ್’ ಮಾಡಿ. ಒಂದೇ ಏಟಿಗೆ ಇನ್ನೂರು ಪುಸ್ತಕ ತುಂಬಬೇಡಿ: ಕಿಂಡಲ್ ಪ್ರತಿ ಪುಸ್ತಕದ ಪದಸೂಚಿ ತಯಾರಿಸುತ್ತ ಕೂರುತ್ತದೆ, ಬ್ಯಾಟರಿ ಒಂದೇ ದಿನಕ್ಕೆ ಇಳಿಯುತ್ತದೆ. ಎರಡು ಮೂರು ದಿನವಾದರೂ ಬ್ಯಾಟರಿ ಹಾಗೇ ಸೋರುತ್ತಿದ್ದರೆ ಯಾವುದೋ ಕೆಟ್ಟ ಕಡತದ ಬಳಿ ಆ ಕೆಲಸ ಸಿಕ್ಕಿಕೊಂಡಿದೆ ಎಂದರ್ಥ. ಹುಡುಕುವ ಜಾಗದಲ್ಲಿ ಯಾವ ಪುಸ್ತಕದಲ್ಲೂ ಇರಲಾರದ ಅಕ್ಷರಗಳನ್ನು ಹಾಕಿ ಹುಡುಕಿ. ಇನ್ನೂ ಸೂಚಿಯಾಗದ ಪುಸ್ತಕಗಳಿದ್ದರೆ ಅಲ್ಲೇ ತೋರಿಸುತ್ತದೆ. ಅಲ್ಲಿ ಬಂದ ಹೆಸರನ್ನು ಅಳಿಸಿದರೆ ಸರಿಹೋಗುತ್ತದೆ.

ಒಂದು ಗೊಂದಲ ಇಲ್ಲೇ ಬಿಡಿಸಿಬಿಡುತ್ತೇನೆ. 2025ರ ಫೆಬ್ರವರಿ 26ರಿಂದ ಅಮೆಜಾನ್ ನಿಲ್ಲಿಸಿದ್ದು, ಅದರ ಅಂಗಡಿಯಲ್ಲಿ ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಕೇಬಲ್‌ನಲ್ಲಿ ಸಾಗಿಸುವ ಸೌಲಭ್ಯವನ್ನು ಮಾತ್ರ. ನಿಮ್ಮ ಸ್ವಂತ ಕಡತವನ್ನು ಕೇಬಲ್‌ನಲ್ಲಿ ಹಾಕಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ತಂತಿಯೇ ಬೇಡವೆಂದರೆ ‘ಸೆಂಡ್ ಟು ಕಿಂಡಲ್’ ಇದೆ: ಇಮೇಲಿನಲ್ಲಿ 50 ಎಂಬಿ, ವೆಬ್ ಪುಟದ ಮೂಲಕ 200 ಎಂಬಿವರೆಗೆ. 2022ರಿಂದ ಅದು ಇಪಬ್ ತೆಗೆದುಕೊಳ್ಳುತ್ತದೆ, ಹಳೆಯ ಮೊಬಿ ಕಡತಗಳನ್ನು ಒಪ್ಪುವುದಿಲ್ಲ. ಇದರಲ್ಲಿ ಕಳಿಸಿದ ಪುಸ್ತಕ ಫೋನಿನ ಕಿಂಡಲ್ ಆ್ಯಪ್‌ನಲ್ಲೂ ಬರುತ್ತದೆ. ಓದಿ ನಿಲ್ಲಿಸಿದ ಪುಟ, ಗೆರೆ ಎಳೆದ ಸಾಲು ಎರಡು ಕಡೆಯೂ ಹೊಂದಿಕೊಳ್ಳುತ್ತವೆ. ಕೇಬಲ್‌ನಲ್ಲಿ ಹಾಕಿದ್ದಕ್ಕೆ ಈ ಅನುಕೂಲ ಇಲ್ಲ.

ಕನ್ನಡ ಪಿಡಿಎಫ್: ಮೊದಲು ಜಾತಿ ಗುರುತಿಸಿ

ಪಿಡಿಎಫ್ ಅನ್ನು ಕಂಪ್ಯೂಟರಿನಲ್ಲಿ ತೆರೆದು ಒಂದು ಸಾಲು ಆಯ್ದು ನಕಲು ಮಾಡಿ, ನೋಟ್‌ಪ್ಯಾಡ್‌ನಲ್ಲಿ ಅಂಟಿಸಿ. ಏನನ್ನೂ ಆಯ್ಕೆ ಮಾಡಲು ಆಗದಿದ್ದರೆ ಅದು ಸ್ಕ್ಯಾನ್, ಅಂದರೆ ಬರೀ ಚಿತ್ರ. ಅಂಟಿಸಿದಾಗ ಇಂಗ್ಲಿಷ್ ಅಕ್ಷರ, ಪೌಂಡಿನ ಚಿಹ್ನೆ, ತಲೆಯ ಮೇಲೆ ಗೆರೆ ಹೊತ್ತ ‘ಎ’ಗಳು ಉದುರಿದರೆ ಅದು ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಜೋಡಿಸಿದ ಪುಟ. ನಿಮಗೆ ಇಪಬ್‌ನಲ್ಲಿ ಕಂಡ ‘ಏನೇನೋ ಚಿಹ್ನೆ’ ಇದೇ. ಆ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಯೊಳಗೆ ಕೂರಿಸಿರುತ್ತಾರೆ. ಫಾಂಟ್ ಜೊತೆಗಿರುವವರೆಗೆ ಕಣ್ಣಿಗೆ ಕನ್ನಡ, ಕಳಚಿದ ಕೂಡಲೇ ಕಸ. ಕ್ಯಾಲಿಬರ್ ಪಿಡಿಎಫ್‌ನಿಂದ ಪಠ್ಯವನ್ನು ಹೊರತೆಗೆಯುವಾಗ ಆಗುವುದು ಅದೇ. ಪಠ್ಯವನ್ನು ನುಡಿ-ಬರಹದಿಂದ, ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯುನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ಅದರಲ್ಲಿ ಹಾಯಿಸಿ, ವರ್ಡ್ ಕಡತವಾಗಿ ಉಳಿಸಿ, ಆಮೇಲೆ ಕ್ಯಾಲಿಬರ್‌ಗೆ ಕೊಡಬೇಕು. ಇಂಗ್ಲಿಷ್ ಹೆಸರುಗಳು ನಡುವೆ ಇದ್ದರೆ ಅವೂ ಕನ್ನಡದ ಗೊಂಚಲಾಗಿ ಬಿಡುತ್ತವೆ. ಅವನ್ನು ಕೈಯಲ್ಲೇ ತಿದ್ದಬೇಕು.

ಮೂರನೆಯದು ಯುನಿಕೋಡ್ ಪಿಡಿಎಫ್. ಇಲ್ಲಾದರೂ ನೆಮ್ಮದಿ ಎಂದುಕೊಂಡರೆ ಅದೂ ಪೂರ್ತಿ ಇಲ್ಲ. ಪಿಡಿಎಫ್ ತನ್ನೊಳಗೆ ಇಟ್ಟುಕೊಳ್ಳುವುದು ಪುಟದ ಮೇಲಿನ ಆಕಾರಗಳನ್ನು, ನಾವು ಬೆರಳಚ್ಚಿಸಿದ ಕ್ರಮವನ್ನಲ್ಲ. ಹೊರತೆಗೆದಾಗ ಒತ್ತಕ್ಷರ ತಪ್ಪಿಹೋಗುವುದು, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಅಂಟಿಕೊಳ್ಳುವುದು ಸಾಮಾನ್ಯ. ಹಾಗಾಗಿ ಪ್ರಕಾಶಕರ ಬಳಿ ಅಥವಾ ಲೇಖಕರ ಬಳಿ ವರ್ಡ್ ಕಡತ ಸಿಗುವ ಹಾಗಿದ್ದರೆ ಅದನ್ನೇ ಕೇಳಿ. ಪಿಡಿಎಫ್‌ನಿಂದ ಹಿಂದಕ್ಕೆ ಹೋಗುವುದು ಹಿಟ್ಟಿನಿಂದ ರಾಗಿ ಮಾಡಿದ ಹಾಗೆ. ಇದೇ ಕಾರಣಕ್ಕೆ ಕನ್ನಡ ಪಿಡಿಎಫ್ ಅನ್ನು ಅಮೆಜಾನ್‌ಗೆ ‘ಕನ್ವರ್ಟ್’ ಎಂಬ ವಿಷಯ ಹಾಕಿ ಇಮೇಲ್ ಮಾಡಬೇಡಿ. ಪಿಡಿಎಫ್ ಆಗಿಯೇ ಹೋಗಲಿ.

ಪಿಡಿಎಫ್ ಆಗಿಯೇ ಇಟ್ಟುಕೊಂಡರೆ ಇರುವೆ ಸಾಲಿನ ಗತಿ ಏನು? ಸ್ವಲ್ಪ ಲೆಕ್ಕ ಹಾಕೋಣ. ನಮ್ಮ ಹೆಚ್ಚಿನ ಪುಸ್ತಕಗಳು ಡೆಮಿ 1/8 ಆಕಾರ, ಹೆಚ್ಚುಕಡಿಮೆ 14 ಸೆಂ.ಮೀ. ಅಗಲ, 21.5 ಸೆಂ.ಮೀ. ಉದ್ದ. ನಿಮ್ಮ ಕಿಂಡಲ್ ಪರದೆ 1236 ಬೈ 1648 ಚುಕ್ಕಿ, ಇಂಚಿಗೆ 300ರಂತೆ, ಅಂದರೆ 10.5 ಬೈ 14 ಸೆಂ.ಮೀ. ಇಡೀ ಪುಟವನ್ನು ಪರದೆಯಲ್ಲಿ ತುರುಕಿದರೆ ಎತ್ತರ ಅಡ್ಡ ಬಂದು ಎಲ್ಲವೂ ಶೇ. 65ಕ್ಕೆ ಕುಗ್ಗುತ್ತದೆ. 12 ಪಾಯಿಂಟಿನ ಅಕ್ಷರ ಎಂಟಕ್ಕೂ ಕಡಿಮೆಯಾಗುತ್ತದೆ. ಆದರೆ ಆ ಪುಟದಲ್ಲಿ ನಾಲ್ಕೂ ಕಡೆಯ ಬಿಳಿ ಅಂಚು ಬಿಟ್ಟರೆ ಅಕ್ಷರ ಇರುವ ಜಾಗ ಸುಮಾರು 11 ಬೈ 17.5 ಸೆಂ.ಮೀ. ಮಾತ್ರ. ಅಂಚನ್ನು ಕತ್ತರಿಸಿದರೆ ಶೇ. 80 ಸಿಗುತ್ತದೆ, ಅಗಲಕ್ಕೆ ಹೊಂದಿಸಿ ಒಂದು ಪುಟವನ್ನು ಎರಡು ಪರದೆ ಮಾಡಿಕೊಂಡರೆ ಶೇ. 95, ಹತ್ತಿರ ಹತ್ತಿರ ಅಚ್ಚಿನ ಪುಸ್ತಕದಷ್ಟೇ. ಕಿಂಡಲ್ ಅಡ್ಡ ಹಿಡಿದರೆ ಶೇ. 127, ಅಂದರೆ 12 ಪಾಯಿಂಟಿನ ಅಕ್ಷರ 15 ಆಗುತ್ತದೆ. ದೊಡ್ಡ ಪರದೆಯ ಹೊಸ ಸಾಧನ ಕೊಳ್ಳುವ ಮುಂಚೆ ಈ ಲೆಕ್ಕ ನೋಡಬೇಕು. ಕೊರತೆ ಇರುವುದು ಪರದೆಯಲ್ಲಲ್ಲ, ಕಾಗದದ ಅಂಚಿನಲ್ಲಿ.

ಅಂಚು ಕತ್ತರಿಸುವ ಉಚಿತ ತಂತ್ರಾಂಶದ ಹೆಸರು ಕೆ2ಪಿಡಿಎಫ್‌ಆಪ್ಟ್. ವಿಂಡೋಸ್‌ನಲ್ಲಿ ತೆರೆದು ಪಿಡಿಎಫ್ ಅನ್ನು ಅದರ ಮೇಲೆ ಎಳೆದು ಬಿಡಿ. ಸಾಧನದ ಪಟ್ಟಿಯಲ್ಲಿ ನಿಮ್ಮದು ಕಾಣದಿದ್ದರೆ ಅಗಲ 1236, ಎತ್ತರ 1648, ಡಿಪಿಐ 300 ಎಂದು ನೀವೇ ತುಂಬಿ. ‘ಕನ್ವರ್ಷನ್ ಮೋಡ್’ನಲ್ಲಿ ಎರಡೇ ನಿಮಗೆ ಬೇಕಾದವು: ‘ಟ್ರಿಮ್ ಮಾರ್ಜಿನ್ಸ್’ ಮತ್ತು ‘ಫಿಟ್ ವಿಡ್ತ್’. ಎರಡನೆಯದು ತಾನಾಗಿಯೇ ಅಡ್ಡ ಹಿಡಿಯುವ ರೂಪಕ್ಕೆ ಹೋಗುತ್ತದೆ. ನೆಟ್ಟಗೆ ಬೇಕಿದ್ದರೆ ‘ಲ್ಯಾಂಡ್‌ಸ್ಕೇಪ್’ ಗುರುತನ್ನು ತೆಗೆಯಿರಿ. ಮೊದಲೇ ಆಯ್ಕೆಯಾಗಿರುವ ‘ಡೀಫಾಲ್ಟ್’ ಮಾತ್ರ ಕನ್ನಡಕ್ಕೆ ಬೇಡ. ಅದು ಪುಟದ ಚಿತ್ರವನ್ನು ಸಾಲು, ಪದಗಳಾಗಿ ಕತ್ತರಿಸಿ ಮತ್ತೆ ಜೋಡಿಸುತ್ತದೆ. ಸಾಲಿನ ಕೆಳಗೆ ತೂಗುವ ಒತ್ತಕ್ಷರಗಳು, ಹಳೆಯ ಅಚ್ಚುಮೊಳೆಯ ಓರೆಯಾದ ಸಾಲುಗಳು ಎದುರಾದಾಗ ಅದರ ಕತ್ತರಿ ದಾರಿ ತಪ್ಪುತ್ತದೆ. ಮೊದಲು ಪುಟಗಳ ಜಾಗದಲ್ಲಿ 20-29 ಎಂದು ಕೊಟ್ಟು ಹತ್ತು ಪುಟ ಮಾಡಿ ನೋಡಿ. ಶೀರ್ಷಿಕೆ ಪುಟದಿಂದ ಪರೀಕ್ಷಿಸಿದರೆ ಏನೂ ತಿಳಿಯುವುದಿಲ್ಲ.

ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳು ಉಚಿತವಾಗಿ ಸಿಗುವ ಜಾಲತಾಣ ಆರ್ಕೈವ್ ಡಾಟ್ ಆರ್ಗ್‌ನಿಂದ ಇಳಿಸಿದ ಪುಸ್ತಕಗಳಿಗೆ ಇನ್ನೊಂದು ಕಾಯಿಲೆ: ಪುಟ ತಿರುಗಲು ಮೂರು ನಾಲ್ಕು ಸೆಕೆಂಡ್. ಆ ಪಿಡಿಎಫ್‌ಗಳಲ್ಲಿ ಕಾಗದದ ಬಣ್ಣ ಒಂದು ಪದರ, ಅಕ್ಷರ ಇನ್ನೊಂದು ಪದರ. ಪ್ರತಿ ಸಲವೂ ಅವನ್ನು ಬಿಡಿಸಿ ಜೋಡಿಸುವಷ್ಟು ಶಕ್ತಿ ಕಿಂಡಲ್‌ನ ಪ್ರೊಸೆಸರಿಗೆ ಇಲ್ಲ. ಕೆ2ಪಿಡಿಎಫ್‌ಆಪ್ಟ್‌ನಲ್ಲಿ ‘ನೇಟಿವ್ ಪಿಡಿಎಫ್ ಔಟ್‌ಪುಟ್’ ಗುರುತು ತೆಗೆದರೆ ಪ್ರತಿ ಪುಟವೂ ಒಂದೇ ಪದರದ ಬೂದುಬಣ್ಣದ ಚಿತ್ರವಾಗುತ್ತದೆ, ಪುಟ ಸರಾಗವಾಗಿ ತಿರುಗುತ್ತದೆ. ಹಳದಿ ಕಾಗದದ ಮಸುಕು ಅಕ್ಷರಗಳಿಗೆ ಗಾಮಾ ಎಂಬ ಬೆಲೆಯನ್ನು 0.5ರಿಂದ 0.3ಕ್ಕೆ ಇಳಿಸಿ, ಕಡಿಮೆ ಮಾಡಿದಷ್ಟೂ ಅಕ್ಷರ ಕಪ್ಪಾಗುತ್ತದೆ. ತೀರಾ ಇಳಿಸಿದರೆ ಕಾಗದದ ಕಲೆಗಳೂ ಕಪ್ಪಾಗಿ ಅನುಸ್ವಾರದ ಜಾಗದಲ್ಲಿ ಕೂರುತ್ತವೆ. ಆರ್ಕೈವ್‌ನಲ್ಲೇ ಪಟ್ಟಿಯಾಗಿರುವ ಇಪಬ್ ಕಂಡು ಮರುಳಾಗಬೇಡಿ. ಅದು ಯಂತ್ರ ತಾನಾಗಿ ಓದಿ ಮಾಡಿದ್ದು, ಯಾರೂ ತಿದ್ದಿದ್ದಲ್ಲ.

ಸ್ಕ್ಯಾನನ್ನು ನಿಜವಾದ ಪಠ್ಯವಾಗಿಸಲೇಬೇಕು ಎಂದಿದ್ದರೆ ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶಕ್ಕೆ ಕನ್ನಡ ಬರುತ್ತದೆ. ಗೂಗಲ್ ಡ್ರೈವ್‌ಗೆ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೂ ಪಠ್ಯ ಸಿಗುತ್ತದೆ. ಅಲ್ಲಿ ಕಡತ 2 ಎಂಬಿ ಒಳಗಿರಬೇಕು, ಆದ್ದರಿಂದ ಪಿಡಿಎಫ್ ಅನ್ನು ಹತ್ತು ಹತ್ತು ಪುಟದ ತುಂಡು ಮಾಡಿಕೊಳ್ಳಿ. ಸಾಲಿನ ತುದಿಯಲ್ಲಿ ಒಡೆದ ಪದಗಳು, ದ-ಧ, ಪ-ಷ-ಫ ಅದಲುಬದಲು, ಪ್ರತಿ ಪುಟದ ತಲೆಯಲ್ಲಿರುವ ಪುಸ್ತಕದ ಹೆಸರು ಪಠ್ಯದ ನಡುವೆ ನುಗ್ಗುವುದು, ಇವನ್ನು ನೀವೇ ತಿದ್ದಬೇಕು. ಇಷ್ಟದ ಒಂದೆರಡು ಪುಸ್ತಕಕ್ಕೆ ಈ ಶ್ರಮ ಸರಿ. ಸಾಲುಸಾಲು ಪುಸ್ತಕಗಳಿಗೆ ಅಲ್ಲ.

ಅಕ್ಷರ ಸರಿಯಾಗಿ ಕೂಡಿಕೊಳ್ಳುತ್ತದೆಯೇ?

ಯುನಿಕೋಡ್ ಕನ್ನಡದ ಇಪಬ್ ಸಿಕ್ಕಿತು ಎನ್ನೋಣ. ಕಿಂಡಲ್‌ನಲ್ಲಿ ಅದು ಸರಿಯಾಗಿ ಮೂಡುತ್ತದೆಯೇ ಎಂದು ತಿಳಿಯಲು 300 ಪುಟದ ಪುಸ್ತಕ ಹಾಕಬೇಕಿಲ್ಲ. ‘ಸ್ತ್ರೀ, ಶಾಸ್ತ್ರ, ರಾಷ್ಟ್ರಕೂಟ, ಕಾರ್ತೀಕ, ಕ್ಷೌರ, ಜ್ಞಾನ, ವೈಶಿಷ್ಟ್ಯ’ ಎಂದು ಒಂದು ಸಾಲು ಬರೆದ ವರ್ಡ್ ಕಡತವನ್ನು ಕ್ಯಾಲಿಬರ್‌ನಲ್ಲಿ ಬದಲಿಸಿ ಕಳಿಸಿ. ಮೂರರಲ್ಲಿ ಒಂದು ಆಗುತ್ತದೆ. ಎಲ್ಲ ಸರಿ ಇದ್ದರೆ ಮುಗಿಯಿತು. ಖಾಲಿ ಚೌಕಗಳು ಬಂದರೆ ಫಾಂಟ್ ಇಲ್ಲ ಎಂದರ್ಥ, ಹಾಕಿದರೆ ಸರಿಹೋಗುತ್ತದೆ. ಅಕ್ಷರಗಳು ಬಂದರೂ ಒತ್ತು ಕೆಳಗಿಳಿಯದೆ, ಅರ್ಧಾಕ್ಷರಗಳು ಸಾಲಾಗಿ ನಿಂತರೆ ಫಾಂಟಿನ ತಪ್ಪಲ್ಲ. ಅಕ್ಷರ ಕೂಡಿಸುವ ಯಂತ್ರವೇ ಆ ಸಾಧನದಲ್ಲಿ ಸರಿಯಿಲ್ಲ. ಹೊಸ ಫಾಂಟುಗಳನ್ನು ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ, ಸಾಧನದ ತಂತ್ರಾಂಶ ನವೀಕರಿಸಿ ಇನ್ನೊಮ್ಮೆ ನೋಡಬೇಕು.

ಫಾಂಟ್ ಹಾಕುವ ಕ್ರಮ ಸುಲಭ. ಕೇಬಲ್ ಸಿಕ್ಕಿಸಿದಾಗ ಕಿಂಡಲ್‌ನೊಳಗೆ ‘ಫಾಂಟ್ಸ್’ ಎಂಬ ಫೋಲ್ಡರ್ ಕಾಣುತ್ತದೆ. ಟಿಟಿಎಫ್ ಅಥವಾ ಒಟಿಎಫ್ ಕಡತವನ್ನು ಅಲ್ಲಿ ಹಾಕಿ, ಎಜೆಕ್ಟ್ ಮಾಡಿ, ಪುಸ್ತಕದಲ್ಲಿ ಅಕ್ಷರದ ಮೆನು ತೆರೆದರೆ ಹೆಸರು ಬಂದಿರುತ್ತದೆ. ಗೂಗಲ್ ಫಾಂಟ್ಸ್‌ನಿಂದ ನೋಟೊ ಸಾನ್ಸ್ ಕನ್ನಡ ಇಳಿಸಿದರೆ ಜಿಪ್ ಒಳಗೆ ಮೇಲ್ಗಡೆ ಒಂದು ವೇರಿಯಬಲ್ ಫಾಂಟ್ ಇರುತ್ತದೆ, ಒಳಗೆ ‘ಸ್ಟ್ಯಾಟಿಕ್’ ಎಂಬ ಫೋಲ್ಡರ್. ಸ್ಟ್ಯಾಟಿಕ್‌ನಿಂದ ತೆಗೆಯಿರಿ. ಕಿಂಡಲ್‌ನ ಇ-ಇಂಕ್ (ಕಾಗದದ ಮೇಲಿನ ಶಾಯಿಯಂತೆ ಕಾಣುವ) ಪರದೆಯಲ್ಲಿ ತೆಳು ಗೆರೆ ಬೂದಿಯಾಗಿ ಕಾಣುವುದರಿಂದ ‘ರೆಗ್ಯುಲರ್’ಗಿಂತ ‘ಮೀಡಿಯಂ’ ಚೆನ್ನ. ಇದರಿಂದಲೂ ಆಗದಿದ್ದರೆ ಕ್ಯಾಲಿಬರ್‌ನ ಪರಿವರ್ತನೆಯಲ್ಲಿ ‘ಲುಕ್ ಅಂಡ್ ಫೀಲ್’ ಒಳಗೆ ಫಾಂಟನ್ನು ಪುಸ್ತಕದಲ್ಲೇ ಅಡಕ ಮಾಡುವ ಆಯ್ಕೆ ಇದೆ. ಆಗ ಕಿಂಡಲ್‌ನಲ್ಲಿ ‘ಪಬ್ಲಿಷರ್ ಫಾಂಟ್’ ಆರಿಸಬೇಕು. ಅದರ ಪಕ್ಕದಲ್ಲೇ ಇರುವ, ಬಳಸದ ಅಕ್ಷರಗಳನ್ನು ಕಿತ್ತುಹಾಕಿ ಗಾತ್ರ ಇಳಿಸುವ ‘ಸಬ್‌ಸೆಟ್’ ಗುರುತನ್ನು ಕನ್ನಡಕ್ಕೆ ಹಾಕದಿರುವುದು ವಾಸಿ. ಉಳಿಯುವುದು ಕೆಲವು ನೂರು ಕೆಬಿ, ಕಳೆಯಬಹುದಾದದ್ದು ಒತ್ತಕ್ಷರ.

ಓದುವಾಗ ಎರಡು ಹೊಂದಾಣಿಕೆ ಮಾಡಿಕೊಳ್ಳಿ. ಸಾಲಿನ ಅಂತರವನ್ನು ಒಂದು ಮೆಟ್ಟಿಲು ಹೆಚ್ಚಿಸಿ, ಇಲ್ಲದಿದ್ದರೆ ‘ಷ್ಟ್ರ’ದಂಥ ಎರಡು ಒತ್ತಿನ ಬಾಲ ಕೆಳಗಿನ ಸಾಲಿನ ಗುಣಿಸಿಗೆ ತಾಗುತ್ತದೆ. ಅಕ್ಷರಗಳನ್ನು ಎರಡೂ ಅಂಚಿಗೆ ಎಳೆದು ಕೂರಿಸುವ ಬದಲು ಎಡಕ್ಕೆ ಮಾತ್ರ ಹೊಂದಿಸಿ. ‘ಹೋಗಬೇಕಾಗಿತ್ತೆನ್ನುವವರಿಗೆ’ ಎಂಬಂಥ ಪದ ಕೆಳಗಿನ ಸಾಲಿಗೆ ಇಳಿದರೆ ಮೇಲಿನ ಸಾಲಿನ ಎರಡೇ ಪದಗಳ ನಡುವೆ ಬಯಲು ತೆರೆದುಕೊಳ್ಳುತ್ತದೆ.

ತಿದ್ದಿದ ಯುನಿಕೋಡ್ ಪಠ್ಯ ಬೇಕಿದ್ದರೆ ಕನ್ನಡ ವಿಕಿಸೋರ್ಸ್ ನೋಡಿ. ಪುಟದಿಂದಲೇ ಇಪಬ್ ಇಳಿಸಿಕೊಳ್ಳಬಹುದು. ಆರ್ಕೈವ್‌ನಲ್ಲಿ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಸಂಗ್ರಹದ ಪುಸ್ತಕಗಳು ಬೆಂಗಳೂರಿನಲ್ಲೇ ಸ್ಕ್ಯಾನ್ ಆದವು, ಹಳೆಯ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಪ್ರತಿಗಳಿಗಿಂತ ಬಹಳ ಸ್ಪಷ್ಟ. ಭಾರತದಲ್ಲಿ ಹಕ್ಕುಸ್ವಾಮ್ಯ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ. ಅಂದರೆ 1994ರಲ್ಲಿ ನಿಧನರಾದ ಕುವೆಂಪು ಅವರ ಕೃತಿಗಳಿಗೆ 2054ರ ಕೊನೆಯವರೆಗೂ ಹಕ್ಕಿದೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದ ಪಿಡಿಎಫ್‌ಗೂ ಇದೇ ಕಾನೂನು.

ನಿಘಂಟಿನ ವಿಷಯದಲ್ಲಿ ಕಿಂಡಲ್‌ನಿಂದ ಹೆಚ್ಚು ನಿರೀಕ್ಷಿಸಬೇಡಿ. ಪಿಡಿಎಫ್ ಚಿತ್ರದ ಮೇಲೆ ಬೆರಳೊತ್ತಿದರೆ ಪದವೇ ಸಿಗುವುದಿಲ್ಲ. ಪಠ್ಯವಿದ್ದರೂ ‘ಕೆರೆಯಂಗಳದಲ್ಲಿದ್ದ’ ಎಂಬುದನ್ನು ಒತ್ತಿದರೆ ನಿಘಂಟಿಗೆ ‘ಕೆರೆ’, ‘ಅಂಗಳ’ ಎಂದು ಬಿಡಿಸಿಕೊಳ್ಳಲು ಬಾರದು. ಬೆಂಗಳೂರಿನ ವಿ. ಕೃಷ್ಣ ಅವರು ನಾಲ್ಕು ದಶಕ ಕೂತು ಸಿದ್ಧಪಡಿಸಿದ ಅಲರ್ ಕನ್ನಡ-ಇಂಗ್ಲಿಷ್ ನಿಘಂಟು 2019ರಿಂದ ಮುಕ್ತವಾಗಿದೆ, ಒಂದೂವರೆ ಲಕ್ಷ ಪದಗಳಿವೆ. ಫೋನಿನಲ್ಲಿ ಅದನ್ನು ತೆರೆದಿಟ್ಟುಕೊಂಡು ಮೂಲಪದ ಬೆರಳಚ್ಚಿಸಿ ನೋಡುವುದೇ ಸದ್ಯಕ್ಕೆ ವೇಗದ ದಾರಿ.

ಇನ್ನು ನಿಮ್ಮ ಪಟ್ಟಿ

ಸ್ಕ್ರೀನ್ ಗಾರ್ಡ್ ಬೇಡ. ಇ-ಇಂಕ್ ಪರದೆ ಹಾಳಾಗುವುದು ಗೀರಿನಿಂದಲ್ಲ, ಒತ್ತಡದಿಂದ ಮತ್ತು ತಿರುಚುವುದರಿಂದ. ಮೇಲ್ಪದರದ ಹಿಂದೆ ತೆಳುವಾದ ಗಾಜಿನ ಹಾಳೆಯೊಂದಿದೆ, ಸೀಳುವುದು ಅದು. ಬ್ಯಾಗಿನಲ್ಲಿ ಸ್ಟೀಲ್ ಡಬ್ಬಿಯ ಅಂಚು ಪರದೆಗೆ ತಾಗಿಕೊಂಡಿದ್ದು, ಮೆಜೆಸ್ಟಿಕ್‌ನಲ್ಲಿ ಜನ ನುಗ್ಗಿದಾಗ ಬ್ಯಾಗು ಅದುಮಿದರೆ ಸಾಕು. ಹೊರಗೆ ಒಂದು ಗೀರೂ ಇರುವುದಿಲ್ಲ, ಒಳಗೆ ಅರ್ಧ ಪರದೆಯಲ್ಲಿ ಹಳೆಯ ಚಿತ್ರ ಗಟ್ಟಿಯಾಗಿ ನಿಂತಿರುತ್ತದೆ. ಯಾವ ಗಾರ್ಡೂ ಇದನ್ನು ತಡೆಯದು. ಬದಲಿಗೆ ಕಾಂಟ್ರಾಸ್ಟ್ ಇಳಿಸುತ್ತದೆ, ದೂಳು ಹಿಡಿದಿಟ್ಟುಕೊಳ್ಳುತ್ತದೆ.

ಆ ದುಡ್ಡನ್ನು ಗಟ್ಟಿ ಬೆನ್ನು, ಗಟ್ಟಿ ಮುಚ್ಚಳ ಇರುವ ಕವರಿಗೆ ಹಾಕಿ. ಮುಚ್ಚಳವನ್ನು ಬೆರಳಿನಿಂದ ಒತ್ತಿದಾಗ ತಗ್ಗಬಾರದು. ಮಾದರಿ ನೋಡಿ ಕೊಳ್ಳಿ: 2021ರ 6.8 ಇಂಚಿನ ಕವರು 2018ರ ಅಥವಾ 2024ರ ಪೇಪರ್‌ವೈಟ್‌ಗೆ ಕೂರುವುದಿಲ್ಲ, ಬರೀ ‘ಪೇಪರ್‌ವೈಟ್ ಕವರ್’ ಎಂದು ಮಾರುವ ಕಡೆ ಎಡವುವುದು ಇಲ್ಲೇ. ಮುಚ್ಚಳದ ಅಯಸ್ಕಾಂತವೇ ಪರದೆಯನ್ನು ಮಲಗಿಸಿ ಎಬ್ಬಿಸುವುದರಿಂದ, ಅಯಸ್ಕಾಂತದ ಗುಂಡಿ ಇರುವ ಬ್ಯಾಗಿನಲ್ಲಿ ಕಿಂಡಲ್ ತಾನಾಗಿ ಎದ್ದು ಮಲಗುತ್ತಿದ್ದರೆ ಆಶ್ಚರ್ಯಪಡಬೇಡಿ, ಜೇಬು ಬದಲಿಸಿ. ನಿಂತು ಓದುವವರಿಗೆ ಕವರಿನ ಒಂದು ದೋಷವೂ ಇದೆ. ಸಾಧನ 205 ಗ್ರಾಂ, ಕವರು ಸೇರಿದರೆ 300 ದಾಟುತ್ತದೆ. ಒಂದು ಕೈ ಮೇಲಿನ ಹಿಡಿಯಲ್ಲಿರುವಾಗ ಇನ್ನೊಂದು ಕೈಗೆ ಮುಕ್ಕಾಲು ಗಂಟೆಯಲ್ಲಿ ತಿಳಿಯುತ್ತದೆ. ಬೆನ್ನಿನಲ್ಲಿ ಬೆರಳು ತೂರಿಸುವ ಎಲಾಸ್ಟಿಕ್ ಪಟ್ಟಿ ಇರುವ ಕವರು ಆರಿಸಿ. ನಿಲ್ದಾಣದ ಎಕ್ಸ್‌ರೇ ಯಂತ್ರದಿಂದ ಪರದೆಗಾಗಲಿ ಪುಸ್ತಕಕ್ಕಾಗಲಿ ಏನೂ ಆಗುವುದಿಲ್ಲ, ಆದರೆ ತಟ್ಟೆಯಲ್ಲಿ ಕಿಂಡಲ್ ಮೇಲೆ ಬೇರೆಯವರ ಬ್ಯಾಗು ಬೀಳದಂತೆ ನೋಡಿಕೊಳ್ಳಿ.

ರಿಮೋಟ್ ಮೆಟ್ರೊದಲ್ಲಿ ದಂಡ. ಮನೆಯಲ್ಲಿ ಮಲಗಿ ಓದಲು, ಚಳಿಗಾಲದಲ್ಲಿ ಕೈ ಹೊದಿಕೆಯೊಳಗೇ ಇರಲು ಮಾತ್ರ ಅದು ಸೊಗಸು, ಅದೂ ಸ್ಟ್ಯಾಂಡ್ ಜೊತೆಗಿದ್ದರೆ. ಕಿಂಡಲ್‌ನ ಬ್ಲೂಟೂತ್ ಧ್ವನಿಗೆ ಮಾತ್ರ ಇರುವುದು, ಆದ್ದರಿಂದ ಬ್ಲೂಟೂತ್ ರಿಮೋಟ್ ಕೊಂಡರೆ ಕೆಲಸ ಮಾಡದು. ಪರದೆಯ ಅಂಚಿಗೆ ಕ್ಲಿಪ್ ಹಾಕಿ, ಬೆರಳಿನ ಸ್ಪರ್ಶವನ್ನು ಅನುಕರಿಸುವ ಬಗೆಯದು ಬೇಕು. ಕ್ಲಿಪ್ಪನ್ನು ಬಲ ಅಂಚಿನ ನಡುಭಾಗಕ್ಕೆ ಹಾಕಿ. ಮೇಲಕ್ಕೆ ಹಾಕಿದರೆ ಪುಟ ತಿರುಗುವ ಬದಲು ಮೆನು ತೆರೆಯುತ್ತದೆ. ಓದಿ ಮುಗಿದ ಕೂಡಲೇ ತೆಗೆದಿಡಿ. ಕ್ಲಿಪ್ ಇರುವಂತೆಯೇ ಮುಚ್ಚಳ ಮುಚ್ಚಿದರೆ ಮೇಲೆ ಹೇಳಿದ ಗಾಜಿನ ಮೇಲೆ ನೇರ ಒತ್ತಡ. ಅಪ್ಪನಿಗೆ ಮೇಜಿನ ಮೇಲೆ ನಿಲ್ಲಿಸುವ ಮಡಿಸುವ ಸ್ಟ್ಯಾಂಡ್ ಮಾತ್ರ ಖಂಡಿತ ತೆಗೆದುಕೊಳ್ಳಿ. ಫೋನಿನ ಹಗುರ ಸ್ಟ್ಯಾಂಡ್ ಬೇಡ, ಪುಟ ತಟ್ಟಿದಾಗಲೆಲ್ಲ ಹಿಂದಕ್ಕೆ ವಾಲುತ್ತದೆ.

ಪವರ್ ಬ್ಯಾಂಕ್ ಬೇಕಾಗುವುದಿಲ್ಲ. ಇದ್ದದ್ದನ್ನೇ ಸಿಕ್ಕಿಸಿದರೆ ಅದು ನಡುವೆ ಆರಿಹೋಗಬಹುದು. ಕಿಂಡಲ್ ಎಳೆಯುವ ಕರೆಂಟು ಅಷ್ಟು ಕಡಿಮೆ, ಏನೂ ಸಿಕ್ಕಿಸಿಲ್ಲ ಎಂದುಕೊಳ್ಳುತ್ತದೆ. ಮಳೆಗೆ ನಿಮ್ಮ ಮಾದರಿ ಐಪಿಎಕ್ಸ್8: ಸಿಹಿನೀರಿನಲ್ಲಿ ಎರಡು ಮೀಟರ್ ಆಳ, ಒಂದು ಗಂಟೆ. ಕಾಫಿ ಚೆಲ್ಲಿದರೆ ಶುದ್ಧ ನೀರಿನಲ್ಲಿ ತೊಳೆದು, ಪೋರ್ಟ್ ಪೂರ್ತಿ ಒಣಗಿದ ಮೇಲಷ್ಟೇ ಚಾರ್ಜ್ ಮಾಡಿ. ಪರದೆ ಒರೆಸಲು ಸ್ಯಾನಿಟೈಸರ್, ಗಾಜು ಒರೆಸುವ ದ್ರಾವಣ ಮುಟ್ಟಿಸಬೇಡಿ. ತುಸು ಒದ್ದೆ ಮೈಕ್ರೋಫೈಬರ್ ಬಟ್ಟೆ ಸಾಕು.

ಒಟ್ಟು ಖರ್ಚು ಎಂದರೆ ಕೇಬಲ್, ಕವರು, ಸ್ಟ್ಯಾಂಡ್. ಮೂರು ಸಾವಿರ ಮುಟ್ಟುವುದಿಲ್ಲ.

ಅಪ್ಪನಿಗೆ ಸದ್ಯಕ್ಕೆ ‘ಫಿಟ್ ವಿಡ್ತ್’ನಲ್ಲಿ ಅಡ್ಡ ಮಾಡಿದ ಪಿಡಿಎಫ್‌ಗಳನ್ನು ಒಂದು ಪ್ರತ್ಯೇಕ ಕಲೆಕ್ಷನ್‌ನಲ್ಲಿ ಹಾಕಿಕೊಡಿ, ಬೆಳಕನ್ನು ಸ್ವಲ್ಪ ಹಳದಿಗೆ ತಿರುಗಿಸಿ. ಇಂದಿನ ಲೇಖಕರ ಹೊಸ ಪುಸ್ತಕಗಳೇ ಬೇಕು ಎಂದರೆ ದಾರಿ ಬೇರೆ. ಮೈಲ್ಯಾಂಗ್‌ನಂಥ ಕನ್ನಡ ಇ-ಪುಸ್ತಕ ಮಳಿಗೆಗಳ ಪುಸ್ತಕ ಅವುಗಳ ಆ್ಯಪ್ ಒಳಗೇ ತೆರೆಯುತ್ತದೆ, ಕಿಂಡಲ್‌ಗೆ ಬರುವುದಿಲ್ಲ. ಅದಕ್ಕೆ ಬೂಕ್ಸ್‌ನಂಥ ಆಂಡ್ರಾಯ್ಡ್ ಇರುವ ಇ-ಇಂಕ್ ಸಾಧನ ಬೇಕು, ನಿಮ್ಮ ಬಜೆಟ್ಟಿನ ಎಷ್ಟೋ ಪಾಲು ದುಬಾರಿ. ಕೊಳ್ಳುವ ಮುಂಚೆ ಆ್ಯಪ್ ಅನ್ನು ಫೋನಿನಲ್ಲಿ ಹಾಕಿ ಒಂದು ಪುಸ್ತಕ ತೆರೆದು ಮೂರು ಸಂಗತಿ ನೋಡಿ: ಪುಟ ಪುಟವಾಗಿ ತಿರುಗುತ್ತದೆಯೇ ಅಥವಾ ಸರಿಸುತ್ತ ಹೋಗಬೇಕೇ, ಅಕ್ಷರ ಅಪ್ಪನಿಗೆ ಬೇಕಾದಷ್ಟು ದೊಡ್ಡದಾಗುತ್ತದೆಯೇ, ಇಂಟರ್ನೆಟ್ ಆರಿಸಿದ ಮೇಲೂ ಪುಸ್ತಕ ತೆರೆಯುತ್ತದೆಯೇ. ಸರಿಸುತ್ತ ಓದುವ ಆ್ಯಪ್ ಇ-ಇಂಕ್‌ನಲ್ಲಿ ಪ್ರತಿ ಎಳೆತಕ್ಕೂ ಹಿಂದಿನ ಸಾಲಿನ ನೆರಳು ಬಿಡುತ್ತದೆ. ಆಗ ಅದೇ ದುಡ್ಡಿಗೆ ಒಂದು ಸಾಮಾನ್ಯ ಟ್ಯಾಬ್ಲೆಟ್ ಅಪ್ಪನಿಗೆ ಹೆಚ್ಚು ಹಿತ.